ಪುಟ್ಟ ಸೀಸೆಯೊಂದರ ಪಾಠ

ಕಳೆದ ವಾರ್ಷಿಕೋತ್ಸವದ ಮರುದಿನ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಳು. ಆಕೆ ಈಗ ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಸಂಶೋಧನೆ ನಡಿಸುತ್ತಿರುವಳು. ಕಿರುಬೆರಳಿಗಿಂತಲೂ ಚಿಕ್ಕದಾದ ಬರಿದು ಸೀಸೆಯೊಂದನ್ನು ಮೇಜಿನ ಮೇಲಿಟ್ಟು, “ಟೀಚರ್, ಇದರಲ್ಲಿ ನಾಲ್ಕು ಹನಿ ತುಂಬಿಸಲು ನನಗೆ ಐದು ತಿಂಗಳು ಹಿಡಿಯಿತು” ಎಂದಳು. ಅದೇನೆಂದು ನಾವು ವಿಚಾರಿಸಲಾಗಿ ಆಕೆ ತಿಳಿಸಿದುದನ್ನು ನಮ್ಮ ಬಾಲಿಕೆಯರ ಪ್ರಯೋಜನಾರ್ಥವಾಗಿ ಇಲ್ಲಿ ಬರೆಯುತ್ತೇವೆ.

ಮಂಗಳೂರಿನವರಿಗೆ ಭಾಷಾಂತರವು ಹೊಸತಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ನಮ್ಮವರು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಪ್ರಕಟವಾದುದು ಈ ಊರಲ್ಲಿಯೇ. ನಮ್ಮ ಜೀವಕೋಶಗಳೊಳಗೂ ಅಂಥದೇ ಒಂದು ಭಾಷಾಂತರವು ನಡೆಯುತ್ತಿರುವದು. ಆರ್‌ಎನ್‌ಎ ಎಂಬ ಓಲೆಯಲ್ಲಿರುವವು ನಾಲ್ಕೇ ಅಕ್ಷರಗಳು. ಅವನ್ನು ಮೂರು ಮೂರಾಗಿ ಓದಿ, ೨೦ ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದರೆ ಪ್ರೋಟೀನು ಆಗುವದು. ಈ ಅಕ್ಷರಗಳ ಗುಟ್ಟನ್ನು ಬಿಡಿಸಿದವರಲ್ಲಿ ಹರಗೋವಿಂದ ಖುರಾನಾ ಅವರೊಬ್ಬರು. ಅವರಿಗೆ ೧೯೬೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಆದರೆ ಓದನ್ನು ಎಲ್ಲಿಂದ ಆರಂಭಿಸುವದು? ಒಂದಕ್ಷರ ಆಚೀಚೆಯಾದರೆ ಮುಂದಿನದೆಲ್ಲವೂ ಅನರ್ಥವಾಗುವದು. ಓಲೆಯ ತಲೆಯಲ್ಲಿ ಟೊಪ್ಪಿಗೆಯಂಥ ಒಂದು ಗುರುತಿರುವದು. ಅದನ್ನು ಹಿಡಿದು, ಓದುವ ಯಂತ್ರವಾದ ರೈಬೋಸೋಮನ್ನು ಅಲ್ಲಿಗೆ ಬರಮಾಡಲು ನೆರವಾಗುವ ಪ್ರೋಟೀನುಗಳಲ್ಲಿ ‘ಇಐಎಫ್-೪ಇ’ ಎಂಬುದೊಂದು. ಮನುಷ್ಯರಲ್ಲಿ ಅದು ೨೧೭ ಅಮೈನೋ ಆಮ್ಲಗಳ ಸರ. ಹಲವು ಬಗೆಯ ಅರ್ಬುದ ರೋಗಗಳಲ್ಲಿ ಇದು ಮಿತಿಮೀರಿ ಇರುವದರಿಂದ, ಇದನ್ನು ತಡೆಯುವ ಮದ್ದನ್ನು ಹುಡುಕುವವರಿಗೆ ಮೊದಲು ಇದರ ಶುದ್ಧವಾದ ಹನಿಗಳು ಬೇಕು.

ಅದನ್ನು ಪಡೆಯುವ ಉಪಾಯವು ಹೀಗೆ: ಮನುಷ್ಯನ ಆ ಜೀನಿನ ನಕಲನ್ನು ಇ. ಕೋಲಿ ಎಂಬ ಸೂಕ್ಷ್ಮಜೀವಿಯೊಳಗೆ ಸೇರಿಸಿದರೆ, ಅದು ನಮ್ಮ ಪ್ರೋಟೀನನ್ನು ತನ್ನದೆಂಬಂತೆ ತಯಾರಿಸುವದು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಇಂಥದೇ ವಿದ್ಯೆಯಿಂದ, ಆದರೆ ಯೀಸ್ಟನ್ನು ಉಪಯೋಗಿಸಿ ತಯಾರಿಸಿದ ಮಾನವ ಇನ್ಸುಲಿನು ೨೦೦೪ರಲ್ಲಿ ಮಾರಾಟಕ್ಕೆ ಬಂತು. ಅದು ರೋಗಿಗಳ ಮದ್ದು. ಈ ಸೀಸೆಯದಾದರೋ ಸಂಶೋಧನೆಗೆ ಮಾತ್ರ.

ನಮ್ಮ ಹುಡುಗಿಗೆ ಮೊದಲ ನಾಲ್ಕು ಸಲ ಸೋಲೇ ಆಯಿತಂತೆ. ಪ್ರೋಟೀನು ಒಡೆದ ಹಾಲಿನಂತೆ ಗಟ್ಟೆಗಟ್ಟೆಯಾಗಿ ಕೆಟ್ಟಿತು. ಐದನೆಯ ಸಲ ೩೭ ಡಿಗ್ರಿಯ ಶಾಖವನ್ನು ೧೮ಕ್ಕೆ ಇಳಿಸಿ, ರಾತ್ರಿಯಿಡೀ ಮೆಲ್ಲನೆ ಬೆಳೆಯಗೊಟ್ಟಳು. ಬಳಿಕ ಜೀವಕೋಶಗಳನ್ನು ಒಡೆದು, ಆ ಟೊಪ್ಪಿಗೆಯ ಪ್ರತಿರೂಪವನ್ನು ಅಂಟಿಸಿದ ಸಣ್ಣ ಮಣಿಗಳ ಮೇಲೆ ರಸವನ್ನು ಹರಿಯಿಸಲು, ಬೇಕಾದ ಪ್ರೋಟೀನು ಮಾತ್ರ ಅವಕ್ಕೆ ಅಂಟಿ ನಿಂತು, ಉಳಿದದ್ದು ತೊಳೆದುಹೋಯಿತು. ಈಗ ಅದು ಸೊನ್ನೆಗಿಂತ ೮೦ ಡಿಗ್ರಿ ಕೆಳಗಿನ ಚಳಿಯಲ್ಲಿ ಭದ್ರವಾಗಿರುವದು.

ಇದನ್ನು ಕೇಳುತ್ತಿದ್ದಾಗ ನಮಗೆ ಸಂತೋಷದೊಡನೆ ನಾಚಿಕೆಯೂ ಆಯಿತು. ಹನ್ನೆರಡು ವರ್ಷಗಳ ಹಿಂದೆ, ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದ ಇವಳ ತಾಯಿ ಇದೇ ಕೋಣೆಗೆ ಬಂದು, “ಮಗಳಿಗೆ ಮುಂದೇನು, ಟೀಚರ್?” ಎಂದು ಕೇಳಿದ್ದರು. “ವಿಜ್ಞಾನದ ಓದು ಬಹಳ ಉದ್ದ, ನಿಮಗೆ ಕಷ್ಟವಾದೀತು, ಬೇಗನೆ ಸಂಬಳ ಸಿಕ್ಕುವ ತರಬೇತಿಗೆ ಕಳುಹಿಸಿರಿ” ಎಂದು ನಾವು ಬುದ್ಧಿ ಹೇಳಿದೆವು. ಹುಡುಗಿಯು ಬಾಗಿಲ ಬಳಿಯಲ್ಲಿಯೇ ನಿಂತಿದ್ದರೂ ಅವಳ ಮನಸ್ಸೇನೆಂದು ಕೇಳಲಿಲ್ಲ. ವಿಜ್ಞಾನದ ಉಪಾಧ್ಯಾಯಿನಿಯವರು ಮೊದಲ ವರ್ಷದ ಶುಲ್ಕವನ್ನು ತಾವೇ ಕಟ್ಟಿ ಅವಳನ್ನು ಕಾಲೇಜಿಗೆ ಸೇರಿಸಿದರು. ಈ ಮಾತನ್ನು ನಾವು ಅವಳ ಮುಂದೆ ಒಪ್ಪಿಕೊಂಡಾಗ, ಅವಳು ನಕ್ಕು, “ಅಮ್ಮ ಅದನ್ನು ಇನ್ನೂ ಹೇಳುತ್ತಿರುತ್ತಾರೆ, ಟೀಚರ್” ಎಂದಳು.

ಸೀಸೆಯನ್ನು ನಾವು ಕೇಳಿ ಇಟ್ಟುಕೊಂಡೆವು. ಈ ಜೂನ್ ತಿಂಗಳಲ್ಲಿ ಇನ್ನೊಬ್ಬ ತಾಯಿ ಅದೇ ಪ್ರಶ್ನೆಯನ್ನು ಹೊತ್ತು ಬಂದರು. ನಾವು ಉತ್ತರ ಕೊಡಲಿಲ್ಲ. ಬಾಗಿಲ ಬಳಿ ನಿಂತ ಮಗಳನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, ಮೊದಲು ಅವಳ ಮಾತನ್ನು ಕೇಳಿದೆವು.