ಲಾಗ್ ಟೇಬಲ್ ಮತ್ತು ದೀಪ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಲಾಗ್ ಟೇಬಲ್ ಪುಸ್ತಕ ಮರೆತಿರಲಾರದು. ಗುಣಾಕಾರವನ್ನು ಕೂಡಿಕೆಯಾಗಿಸುವ ಈ ಉಪಾಯವನ್ನು 1614ರಲ್ಲಿ ಲೋಕಕ್ಕೆ ತಿಳಿಸಿದವನು ಸ್ಕಾಟ್ಲೆಂಡಿನ ಜಾನ್ ನೇಪಿಯರ್. ಮದುವೆಯಾದ ಮೇಲೆ ನನಗೆ ಉಳಿದ ಗಣಿತವೆಂದರೆ ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ಅಷ್ಟೆ.

ಈಗ ಐವತ್ತು ದಾಟಿದ ಮೇಲೆ ಮಗಳ ಕಂಪ್ಯೂಟರಿನಲ್ಲಿ ಬ್ಲೆಂಡರ್ ಕಲಿಯುತ್ತಿದ್ದೇನೆ. ನೋಡ್ ಎಂಬ ಪುಟ್ಟ ಪುಟ್ಟ ಚೌಕಗಳನ್ನು ಗೆರೆಗಳಿಂದ ಜೋಡಿಸುತ್ತ ಹೋದರೆ ಬಣ್ಣ, ಬೆಳಕು ಮೂಡುತ್ತವೆ ನೋಡಿ! ನಾನೊಂದು ದೀಪ ಮಾಡಿದೆ. ಕುಡಿಯ ಬಳಿ ಬೆಳಕಿನ ಅಳತೆ 999, ಗೋಡೆಯ ಮೇಲೆ ಬರೀ 9. ಕುಡಿಗೆ ಸರಿಹೊಂದಿಸಿದರೆ ಗೋಡೆಯೆಲ್ಲ ಕತ್ತಲು.

ಮ್ಯಾಥ್ ನೋಡಿನಲ್ಲಿ ಲಾಗರಿದಮ್ ಇದೆ. ಸೊನ್ನೆಗೆ ಲಾಗ್ ಇಲ್ಲವಲ್ಲ, ಅದಕ್ಕೆ ಮೊದಲು 1 ಕೂಡಿಸಿದೆ. ಆಧಾರ ಸಂಖ್ಯೆ 10 ಕೊಟ್ಟೆ. 999 ಇದ್ದದ್ದು 3 ಆಯಿತು, 9 ಇದ್ದದ್ದು 1. ಎಲ್ಲವನ್ನೂ 3ರಿಂದ ಭಾಗಿಸಿದಾಗ ಕುಡಿಯೂ ಉಳಿಯಿತು, ಗೋಡೆಯೂ ಕಂಡಿತು. ದೊಡ್ಡದರ ಪಕ್ಕದಲ್ಲಿ ಚಿಕ್ಕದಕ್ಕೂ ಜಾಗ ಕೊಡುವ ಲೆಕ್ಕವಿದು ಎಂದು ಅಂದು ಯಾರೂ ಹೇಳಿರಲಿಲ್ಲ.

“ಅಮ್ಮಾ, ಇದೆಲ್ಲ ನಿಂಗೆ ಹೇಗೆ ಗೊತ್ತು?” ಎಂದಳು ಮಗಳು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಆರಿಸಲು ಎದ್ದು ಹೋದವಳು ಅವಳೇ.