ಅಳಿಸಿದ ಗೊರಬು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ವರದಮೂಲದ ಕಡೆಯ ಒಂದು ಶಾಲೆಯ ಆರನೇ ತರಗತಿ. ನಾನು ಹಾವೇರಿ ಕಡೆಯವಳು. ವರದಾ ನದಿಯನ್ನು ಅದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ತುದಿಯಿಂದ ಬಲ್ಲೆ. ಅದು ಹುಟ್ಟುವ ಊರಿನ ಮಕ್ಕಳಿಗೆ ನದಿಗಳ ಪಾಠ ಮಾಡಬೇಕಿತ್ತು.

ಪುನರಾವರ್ತನೆಗೆಂದು ಒಂದು ಪದಬಂಧ ಮಾಡಿದೆ. ಕೆಲವು ಚೌಕಗಳಿಗೆ ಸುತ್ತು ಹಾಕಿದ್ದೆ. ಆ ಅಕ್ಷರಗಳನ್ನು ಕೂಡಿಸಿದರೆ ಕೊನೆಯ ಗುಟ್ಟಿನ ಪದ ಬರಬೇಕು: ಬನವಾಸಿ. ಕಂಬಳಿಯ ಬ, ಹೊಸನಗರದ ನ, ವಾರಾಹಿಯ ವಾ, ತುಳಸಿಯ ಸಿ.

ಕನ್ನಡದಲ್ಲಿ ಪದಬಂಧ ಕಟ್ಟುವುದು ಎಷ್ಟು ಕಷ್ಟ ಎಂದು ಅವತ್ತು ರಾತ್ರಿ ಗೊತ್ತಾಯಿತು. 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಮೊದಲ ಪದಬಂಧ ಮಾಡಿಕೊಟ್ಟ ಆರ್ಥರ್ ವಿನ್‌ಗೆ ಇಪ್ಪತ್ತಾರೇ ಅಕ್ಷರ. ನಮಗೆ ಕಾಗುಣಿತ, ಒತ್ತಕ್ಷರ ಎಲ್ಲವೂ ಸೇರಿ ಒಂದು ಚೌಕ. ಮೊದಲು ಶರಾವತಿಯ 'ರಾ' ಮೇಲೆ ಸಾಗರದ 'ರ' ಕೂರಿಸಿ, ಶಾಯಿಯಲ್ಲಿ ತಿದ್ದಿದ ಮೇಲೆ ತಪ್ಪು ಕಂಡಿತು. ಹರಿದು ಹಾಕಿದೆ. ವಾರಾಹಿ ಸಿಕ್ಕಿದ್ದು ಹಾಗೆ. ಅದರ 'ರಾ' ಶರಾವತಿಗೆ ಸರಿಯಾಗಿ ಹೊಂದಿತು. ಇಕ್ಕೇರಿಯ 'ಕ್ಕೇ' ಹಾಯುವ ಇನ್ನೊಂದು ಪದ ಹೊಳೆಯಲೇ ಇಲ್ಲ, ಅದನ್ನು ಕೈಬಿಟ್ಟೆ. ಕಂಬಳಿಗೂ ಜೋಡಿ ಸಿಗಲಿಲ್ಲ. ಅದನ್ನು ಮಾತ್ರ ಒಂದು ಮೂಲೆಯಲ್ಲಿ ಒಂಟಿಯಾಗಿಟ್ಟೆ. ಸುಳಿವು: 'ಮಳೆಯಲ್ಲಿ ಗದ್ದೆ ಕೆಲಸಕ್ಕೆ ಹೋಗುವವರು ಹೊದೆಯುವುದು (3)'.

ಪಾಠಯೋಜನೆಯಲ್ಲಿ ಹೆಮ್ಮೆಯಿಂದ ಬರೆದಿದ್ದೆ: 'ಗುಟ್ಟಿನ ಪದದ ಸಹಾಯದಿಂದ ಮಕ್ಕಳು ತಮ್ಮ ತಪ್ಪನ್ನು ತಾವೇ ತಿದ್ದಿಕೊಳ್ಳುವರು.'

ತರಗತಿ ಚೆನ್ನಾಗಿಯೇ ನಡೆಯಿತು. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಒಳ್ಳೆಯ ಮಾತು ಬರೆದುಕೊಟ್ಟರು. ಸಂಜೆ ಹಾಳೆ ತಿದ್ದುವಾಗ ಒಂದು ಹಾಳೆ ಕಣ್ಣಿಗೆ ಬಿತ್ತು. ಕಂಬಳಿ ಬರೆದ ಜಾಗದಲ್ಲಿ ರಬ್ಬರ್ ಉಜ್ಜಿ ಕಾಗದ ಸವೆದಿತ್ತು. ಬೆಳಕಿಗೆ ಹಿಡಿದರೆ ಕೆಳಗೆ ಇನ್ನೊಂದು ಪದದ ಒತ್ತು: ಗೊರಬು.

ಆ ಹುಡುಗ ತರಗತಿಯಲ್ಲಿ ಬಾಯಿಬಿಟ್ಟವನಲ್ಲ. ಮರುದಿನ ಕೇಳಿದೆ, ಯಾಕೆ ಅಳಿಸಿದೆ ಅಂತ.

"ರನವಾಸಿ ಅಂತ ಬಂತು ಮೇಡಂ."

"ಗೊರಬು ಅಂದರೆ?"

ಅವನು ನನ್ನ ಮುಖ ನೋಡಿದ. ತಿಳಿಯದೆ ಕೇಳುತ್ತಿದ್ದಾರೋ, ಪರೀಕ್ಷೆ ಮಾಡುತ್ತಿದ್ದಾರೋ ಎಂಬ ಅನುಮಾನ. ಆಮೇಲೆ ಬಗ್ಗಿ, ಎರಡೂ ಕೈಯಲ್ಲಿ ಸಸಿ ನೆಟ್ಟು ತೋರಿಸಿದ. ಬಿದಿರು ಹೆಣೆದು ಎಲೆ ಹೊದಿಸಿದ್ದು, ತಲೆಯಿಂದ ಬೆನ್ನಿನವರೆಗೆ ಬರುತ್ತದೆ, ಕೈ ಎರಡೂ ಖಾಲಿ ಇರುತ್ತವೆ. "ನಮ್ಮಜ್ಜೀದು ಅಟ್ಟದ ಮೇಲೆ ಐತೆ. ಈಗ ಎಲ್ರೂ ಪ್ಲಾಸ್ಟಿಕ್ಕೇ."

ನನ್ನ ಸುಳಿವಿಗೆ ಅವನ ಉತ್ತರ ನನ್ನದಕ್ಕಿಂತ ಸರಿ. ಇನ್ನೊಂದು ಪದ ಹಾಯ್ದು ಹೋಗಿದ್ದರೆ ಎರಡರಲ್ಲಿ ಯಾವುದು ಎಂದು ಅವನಿಗೆ ಮೊದಲೇ ತಿಳಿಯುತ್ತಿತ್ತು. ಒಂಟಿ ಪದಕ್ಕೆ ಸುತ್ತು ಹಾಕಿ, ತೀರ್ಪನ್ನೆಲ್ಲ ಗುಟ್ಟಿನ ಪದಕ್ಕೆ ಬಿಟ್ಟಿದ್ದು ನಾನು. ನಾನು ಬರೆದಿದ್ದಂತೆಯೇ ಅವನು ತಾನೇ 'ತಿದ್ದಿಕೊಂಡಿದ್ದ'. ಪಾಠಯೋಜನೆಯಲ್ಲಿ ಪೂರ್ವಜ್ಞಾನ ಎಂಬ ಕಲಮಿನ ಕೆಳಗೆ ನಾನು ತುಂಬಿದ್ದು ನಮ್ಮೂರಿನ ಪೂರ್ವಜ್ಞಾನ.

ಎರಡನೇ ವಾರ ಇನ್ನೊಂದು ಪದಬಂಧ ಮಾಡಿದೆ. ಸುತ್ತು ಹಾಕಿದ ಒಂದೊಂದು ಚೌಕವನ್ನೂ ಎರಡು ಪದ ಹಾಯುವಂತೆ ನೋಡಿಕೊಂಡೆ. ಅದಕ್ಕೇ ಮೂರು ರಾತ್ರಿ ಹಿಡಿಯಿತು. ಗುಟ್ಟಿನ ಪದ ವರದಮೂಲ. ವ ಶರಾವತಿಯಿಂದ, ದ ದಬ್ಬೆಯಿಂದ (ಅಡಿಕೆ ಮರ ಸೀಳಿದ್ದು; ಇದನ್ನೂ ಅವನೇ ಹೇಳಿಕೊಟ್ಟ), ಮೂ ಮೂಡಣದಿಂದ, ಲ ಹಲಸಿನಿಂದ. ರ ಗೊರಬಿನ ನಡುವಿನದು, ಅದನ್ನು ಮೇಲಿನಿಂದ ಇಳಿದ ಸಾಗರದ ಕೊನೆಯ ರ ಕಾಯುತ್ತಿತ್ತು.

ಐದು ಚೌಕ ನೋಡಿದ್ದೇ ತಡ, ಹಿಂದಿನ ಬೆಂಚಿನಿಂದ "ವರದಮೂಲ!" ಎಂದು ಕೂಗು. ಗುಟ್ಟು ಒಂದು ನಿಮಿಷವೂ ಉಳಿಯಲಿಲ್ಲ. ಪದಬಂಧ ಹಾಳಾಯಿತು ಅಂದುಕೊಂಡೆ. ಆದರೆ ಯಾರೂ ಪೆನ್ಸಿಲ್ ಕೆಳಗಿಡಲಿಲ್ಲ. ಗುಟ್ಟಿನಿಂದ ಹಿಂದಕ್ಕೆ ಬಿಡಿಸತೊಡಗಿದರು. ನಡುವೆ ರ ಇರುವ, ಮಳೆಗೆ ಹೊದೆಯುವ ಮೂರಕ್ಷರ ಏನು ಎಂದು ಪೇಟೆಯಿಂದ ಬರುವ ಇಬ್ಬರು ಅವನ ಬೆಂಚಿಗೇ ಹೋಗಿ ಕೇಳಿದರು.

ಅವನು ಹೇಳಿಕೊಡಲಿಲ್ಲ. "ಸಾಗರ ಬರ್ಕೊಳ್ಳಿ ಮೊದ್ಲು" ಅಂದ.