ಪಟ್ಟಣದ ಜ್ವರ, ಬೆಂಗಳೂರಿನ ದಂಡು

ಮೈಸೂರು
ಭಾನುವಾರ ರಾತ್ರಿ

ಅಕ್ಕಾ,

ಬೆಟ್ಟ, ಅರಮನೆ ಎಲ್ಲ ಮುಗಿದಿತ್ತು, ನಿನ್ನೆ ಅಳಿಯಂದಿರು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರು. ರಂಗನಾಥನ ದರ್ಶನ ಚೆನ್ನಾಗಿ ಆಯಿತು. ಆಮೇಲೆ ನಾನು ಹಟ ಹಿಡಿದು ನೋಡಿದ್ದು ಸ್ಮಶಾನ. ಹೆಂಗಸರು ಮಸಣದ ಬಾಗಿಲವರೆಗೂ ಹೋಗದ ಮನೆಯಲ್ಲಿ ಹುಟ್ಟಿ ಇವಳಿಗೇನು ಬಂತು ಅಂತ ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಬಂದ ಕೂಡಲೇ ತಲೆಗೆ ನೀರು ಹಾಕಿಕೊಂಡೆ, ಬಿಡು. ಅಲ್ಲಿ ಮಲಗಿರುವವರು ಹೋಗಿ ಎಷ್ಟು ಕಾಲವಾಯಿತೆಂದರೆ, ಅವರ ಸೂತಕ ಹಿಡಿಯುವವರು ಯಾರೂ ಉಳಿದಿಲ್ಲ.

ಬೆಂಗಳೂರು-ಮೈಸೂರು ಹೆದ್ದಾರಿಯಿಂದ ಸುಮಾರು 300 ಮೀಟರು ಒಳಗೆ, ಕಾವೇರಿಯ ದಂಡೆಯಲ್ಲಿದೆ ಈ ಗ್ಯಾರಿಸನ್ ಸಿಮಿಟ್ರಿ. ನಾವು ಎಷ್ಟು ಸಲ ಆ ರಸ್ತೆಯಲ್ಲಿ ಮೈಸೂರಿಗೆ ಹೋಗಿಲ್ಲ! ಬಸ್ಸಿನ ಕಿಟಕಿಯಿಂದ ಮಸೀದಿಯ ಎರಡು ಮಿನಾರು ಕಂಡರೆ ಪಟ್ಟಣ ನೋಡಿದ ಹಾಗೇ ಅಂದುಕೊಳ್ಳುತ್ತಿದ್ದೆವು. ಒಳಗೆ ಮುನ್ನೂರಕ್ಕೂ ಮೇಲೆ ಗೋರಿಗಳಿವೆ. ಕೆಲವು ಗೋಪುರದಂತೆ ಚೂಪಾಗಿ ಎದ್ದಿವೆ, ಕೆಲವು ಬರೀ ಹಾಸುಗಲ್ಲು. 1799ರ ಮೇ 4ರಂದು ಟಿಪ್ಪುವಿನ ಕೋಟೆ ಇಂಗ್ಲಿಷರ ಕೈಗೆ ಬಿತ್ತಲ್ಲ, ಆ ಯುದ್ಧದಲ್ಲಿ ಸತ್ತವರೇ ಇಲ್ಲಿದ್ದಾರೆಂದು ನಾನು ಎಣಿಸಿದ್ದೆ. ಕಲ್ಲುಗಳ ಮೇಲಿನ ಇಸವಿ ನೋಡುತ್ತಾ ಹೋದರೆ ಬೇರೆಯೇ ಲೆಕ್ಕ. ಗುಂಡೇಟಿನಿಂದ ಹೋದವರಿಗಿಂತ, ಗೆದ್ದ ಮೇಲೆ ಕಾವಲಿಗೆ ಕುಳಿತವರು, ಅವರ ಹೆಂಡಿರು, ಮಕ್ಕಳು, ಇವರದೇ ಹೆಚ್ಚು.

ಕೊಂದದ್ದು ಜ್ವರ. ಸುತ್ತ ಹೊಳೆ, ಕಂದಕದಲ್ಲಿ ನಿಂತ ನೀರು, ಗದ್ದೆ, ಸೊಳ್ಳೆ. ಆಗ ಅದು ಸೊಳ್ಳೆಯ ಕೆಲಸವೆಂದು ಯಾರಿಗೂ ತಿಳಿಯದು, ಕೆಟ್ಟ ಗಾಳಿ ಅನ್ನುತ್ತಿದ್ದರು. ಟಿಪ್ಪುವನ್ನು ಗೆದ್ದವರು ಪಟ್ಟಣದ ಜ್ವರವನ್ನು ಗೆಲ್ಲಲಾರದೆ ಕೈಚೆಲ್ಲಿದರು. ಕೊನೆಗೆ 1809ರಲ್ಲಿ ದಂಡನ್ನು ಎತ್ತಿಕೊಂಡು ತಂಪು ಹವೆಯ ಬೆಂಗಳೂರಿಗೆ ಬಂದು ಹಲಸೂರಿನ ಬಳಿ ಬೀಡುಬಿಟ್ಟರು. ನಮ್ಮ ಕಂಟೋನ್ಮೆಂಟ್ ಹುಟ್ಟಿದ್ದು ಹಾಗೆ. ದಂಡಿನ ಹಿಂದೆ ರೈಲು ಬಂತು, ವ್ಯಾಪಾರ ಬಂತು. 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ ಶುರುವಾಯಿತು, ಎರಡು ವರ್ಷಕ್ಕೆ ಮದರಾಸಿನ ಬಿನ್ನಿ ಕಂಪನಿಯ ಕೈಸೇರಿತು. ಭಾವನವರು ಸೈರನ್ನಿಗೆ ಸರಿಯಾಗಿ ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದ ಆ ಮಿಲ್ಲಿನ ಬೇರು ಹುಡುಕುತ್ತಾ ಹೋದರೆ ಒಂದು ಎಳೆ ಈ ಜ್ವರದ ಗೋರಿಗಳಿಗೆ ಬಂದು ಮುಟ್ಟುತ್ತದೆ. 1898ರ ಪ್ಲೇಗು ಬಂದ ಮೇಲೆ ತಾನೇ ಬಸವನಗುಡಿ, ಮಲ್ಲೇಶ್ವರಗಳು ತುಂಬಿದ್ದು? ನಮ್ಮ ಊರನ್ನು ಕಟ್ಟಿದವರ ಹೆಸರುಗಳಲ್ಲಿ ಕೆಂಪೇಗೌಡರ ಜೊತೆಗೆ ಇಲಿ ಸೊಳ್ಳೆಗಳನ್ನೂ ಸೇರಿಸಬೇಕು. ಇದನ್ನು ಭಾವನವರಿಗೆ ಓದಿ ಹೇಳು, ನಗುತ್ತಾರೆ.

ಇಲ್ಲಿ ಮಲಗಿರುವವರಲ್ಲಿ ಎಂಬತ್ತರಷ್ಟು ಜನ ಇಂಗ್ಲಿಷರೇ ಅಲ್ಲ. ಡಿ ಮ್ಯೂರನ್ ಪಡೆ ಎಂಬ ಸ್ವಿಸ್ ಪಲ್ಟನ್ನಿನವರು. 1781ರಲ್ಲಿ ಷಾರ್ಲ್ ದಾನಿಯೆಲ್ ಡಿ ಮ್ಯೂರನ್ ಎಂಬಾತ ಡಚ್ಚರ ಕಂಪನಿಗಾಗಿ ಕಟ್ಟಿದ ಬಾಡಿಗೆ ಪಡೆ ಅದು. ಸಿಲೋನಿನಲ್ಲಿದ್ದರು. 1795ರಲ್ಲಿ ಡಚ್ಚರ ಕೈ ಕೆಳಗಾದಾಗ ಇಡೀ ಪಲ್ಟನ್ನು ಇಂಗ್ಲಿಷರ ಸಂಬಳಕ್ಕೆ ಸೇರಿತು, ಒಂದು ಮಿಲ್ಲು ಮುಚ್ಚಿದರೆ ಇನ್ನೊಂದರ ಗೇಟಿನ ಮುಂದೆ ನಿಲ್ಲುವ ಕೆಲಸಗಾರರ ಹಾಗೆ. ಉಳಿದವರು 1813ರಲ್ಲಿ ಕೆನಡಾದ ಯುದ್ಧಕ್ಕೂ ಹೋದರು. ಟಿಪ್ಪುವಿಗೂ ಇವರಿಗೂ ಏನು ಜಗಳವಿತ್ತು? ಹಿಮದ ಬೆಟ್ಟದ ಊರಿನ ಹುಡುಗರು ಕಾವೇರಿಯ ಸೊಳ್ಳೆಗೆ ಆಹುತಿಯಾದರು. ನನಗೆ ಕಂಪನಿ ಸರ್ಕಾರದ ಮೇಲೆ ಕನಿಕರವಿಲ್ಲ, ಈ ಹುಡುಗರ ಮೇಲೆ ಇದೆ.

ಪಾಳುಬಿದ್ದು ಗಿಡಗಂಟೆ ಬೆಳೆದಿದ್ದ ಜಾಗವನ್ನು ಸರಿಮಾಡಿಸಿದ್ದೂ ಅದೇ ಡಿ ಮ್ಯೂರನ್ ವಂಶದವರು. 2007-08ರ ಹೊತ್ತಿಗೆ ಸ್ವಿಟ್ಜರ್ಲೆಂಡಿನಿಂದ ಬಂದು ದುಡ್ಡು ಹಾಕಿ ರಿಪೇರಿ ಮಾಡಿಸಿದರಂತೆ.

ಕರೋಲಿನ್ ಸ್ಕಾಟ್ ಎಂಬಾಕೆಯ ಗೋರಿಯೂ ಇಲ್ಲಿದೆ. ಹೊಳೆಯ ಪಕ್ಕದ ಸ್ಕಾಟ್ ಬಂಗಲೆಯ ಕತೆ ಮೈಸೂರಿನವರೆಲ್ಲರಿಗೂ ಗೊತ್ತು. ಕರ್ನಲ್ ಸ್ಕಾಟ್ ಕೆಲಸ ಮುಗಿಸಿ ಮನೆಗೆ ಬಂದರೆ ಹೆಂಡತಿ, ಎರಡು ಹೆಣ್ಣುಮಕ್ಕಳು ಕಾಲರಾಕ್ಕೆ ತುತ್ತಾಗಿದ್ದರು, ಆತ ಮನೆ ಇದ್ದ ಹಾಗೇ ಬಿಟ್ಟು ಕಣ್ಮರೆಯಾದ ಅನ್ನುತ್ತಾರೆ. ದಾಖಲೆಯ ಪ್ರಕಾರ ಆಕೆ 1817ರಲ್ಲಿ ಹೆರಿಗೆಯಲ್ಲಿ ತೀರಿಕೊಂಡದ್ದು. ಕಾಲರಾದ ಕತೆಯೇ ಜನರ ಬಾಯಲ್ಲಿ ನಿಂತಿದೆ. ಹೆರಿಗೆಯಲ್ಲಿ ಸಾಯುವುದು ಆ ಕಾಲಕ್ಕೆ ಕತೆ ಅನ್ನಿಸಿಕೊಳ್ಳುವಷ್ಟು ದೊಡ್ಡ ಸಂಗತಿಯಾಗಿರಲಿಲ್ಲವೇನೋ. ನಮ್ಮ ಅಜ್ಜಿಯ ಕಾಲಕ್ಕೂ ಹಾಗೇ ಇತ್ತಲ್ಲ.

ದರಿಯಾ ದೌಲತ್ ನೋಡಿದೆವು, ನಿನಗೂ ಗೊತ್ತಿರುವುದೇ. ಅಲ್ಲಿಂದ ಗುಂಬಜ್. ಸಿಮಿಟ್ರಿಯಲ್ಲಿ ನಾವು ಮೂವರೇ ಇದ್ದೆವು, ಇಲ್ಲಿ ಜಾತ್ರೆ. ಶಾಲೆಯ ಮಕ್ಕಳು, ಹೂವಿನವರು, ಸಕ್ಕರೆ ಹಂಚುವವರು. 36 ಕರಿಕಲ್ಲಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ, ಒಳಗೋಡೆಗೆ ಹುಲಿಪಟ್ಟೆ. ಮಧ್ಯದಲ್ಲಿ ಹೈದರ್, ಒಂದು ಪಕ್ಕ ಹೆಂಡತಿ ಫಕ್ರುನ್ನೀಸಾ, ಇನ್ನೊಂದು ಪಕ್ಕ ಮಗ ಟಿಪ್ಪು. ಹೈದರ್ 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಕಡೆ ತೀರಿಕೊಂಡಾಗ ಮೊದಲು ಕೋಲಾರದಲ್ಲಿ ಇಟ್ಟು, ಆಮೇಲೆ ಇಲ್ಲಿಗೆ ತಂದರು. ದಂತ ಕೆತ್ತಿದ ಕರಿಮರದ ಬಾಗಿಲು ಕೊಟ್ಟವನು ಲಾರ್ಡ್ ಡಾಲ್‌ಹೌಸಿ, 1855ರಲ್ಲಿ. ರಾಜ್ಯಗಳನ್ನು ನುಂಗುತ್ತಿದ್ದವನಿಗೆ ಸತ್ತ ವೈರಿಯ ಮೇಲೆ ಎಂಥ ಔದಾರ್ಯ ನೋಡು! ಗುಂಬಜಿನ ತೋಟದಲ್ಲೇ ಕರ್ನಲ್ ಬೈಲಿಯ ಸ್ಮಾರಕವಿದೆ. ಪೊಲ್ಲಿಲೂರಿನಲ್ಲಿ ಸೋತು ಸೆರೆಸಿಕ್ಕಿ 1782ರಲ್ಲಿ ಇಲ್ಲೇ ಸತ್ತವನು, 1816ರಲ್ಲಿ ಬಂಧುವೊಬ್ಬ ಕಟ್ಟಿಸಿದ್ದು. ದರಿಯಾ ದೌಲತ್ತಿನ ಗೋಡೆಯ ಚಿತ್ರದಲ್ಲಿ ಪಲ್ಲಕ್ಕಿಯೊಳಗೆ ಕುಳಿತಿದ್ದಾನಲ್ಲ, ಅವನೇ. ಗುಂಬಜಿಗೆ ಬಂದ ಒಬ್ಬರೂ ಆ ಕಡೆ ತಿರುಗಲಿಲ್ಲ.

ಕಾರಿನಲ್ಲಿ ವಾಪಸು ಬರುವಾಗ ನಮ್ಮ ಊರಿನದೇ ಯೋಚನೆ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದಾಗ ಸತ್ತ ಅಧಿಕಾರಿಗಳನ್ನು ಕೋಟೆಯ ಹತ್ತಿರವೇ ಹೂತಿದ್ದರು. ಸೈನ್ಯದ ಜೊತೆಗಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಆ ಗೋರಿಗಳ ಚಿತ್ರ ಬರೆದಿದ್ದಾನೆ, 1794ರಲ್ಲಿ ಪುಸ್ತಕದಲ್ಲಿ ಅಚ್ಚಾಗಿದೆ. ಚಿತ್ರ ಉಳಿಯಿತು, ಗೋರಿ ಹೋಯಿತು. ಕಾರ್ಪೊರೇಷನ್ ಹತ್ತಿರ ನಿಂತಿದ್ದ ಆ ಯುದ್ಧದ ಸ್ಮಾರಕ ಕಂಬವನ್ನೂ 1964ರಲ್ಲಿ ಕೆಡವಿದರು. ಗುಲಾಮಗಿರಿಯ ಗುರುತು ಎಂದು ಕೆಡವಿದ್ದನ್ನು ನಾನು ತಪ್ಪೆನ್ನಲಾರೆ. ಆದರೆ ಬಿನ್ನಿ ಮಿಲ್ಲು ಯಾರ ಗುಲಾಮಗಿರಿಯ ಗುರುತು? ಅಲ್ಲಿ ದುಡಿದವರೆಲ್ಲ ನಮ್ಮವರೇ. ಆ ಜಾಗದಲ್ಲೀಗ ಅಪಾರ್ಟ್‌ಮೆಂಟು, ಮಾಲು. ಅಲ್ಲಿ ದುಡಿದವರ ಹೆಸರು ಕೆತ್ತಿದ ಒಂದು ಕಲ್ಲು ಇದ್ದಿದ್ದರೆ ನನ್ನ ಮೊಮ್ಮಗನನ್ನು ನಿಲ್ಲಿಸಿ ತೋರಿಸುತ್ತಿದ್ದೆ.

ಭಾವನವರಿಗೆ ಮಂಡಿನೋವು ಕಡಿಮೆಯಾದರೆ ಇಬ್ಬರೂ ಬನ್ನಿ. ಸಿಟಿ ಸ್ಟೇಷನ್ ನಿಮಗೆ ಕೂಗಳತೆಯಲ್ಲೇ ಇದೆ, ಬೆಳಗಿನ ರೈಲು ಹತ್ತಿ ಶ್ರೀರಂಗಪಟ್ಟಣದಲ್ಲೇ ಇಳಿಯಿರಿ. ಬಿಸಿಲೇರುವ ಮುಂಚೆ ಸಿಮಿಟ್ರಿ ಮುಗಿಸಿಬಿಡಿ. ನೀನು ಬೇಕಾದರೆ ಹೊರಗೇ ಕುಳಿತಿರು, ಭಾವ ಕಲ್ಲುಗಳ ಮೇಲಿನದನ್ನು ಓದಿ ಬರಲಿ. ಗಂಜಾಮಿನ ಅಂಜೂರ ಕೇಳಿದ್ದೆಯಲ್ಲ, ಸಿಗಲಿಲ್ಲ. ಬರುವಾಗ ಎಳೆ ವೀಳ್ಯದೆಲೆ ತರುತ್ತೇನೆ.

ನಿನ್ನ ತಂಗಿ